ಟೇಲರ್ ಸಾಹೇಬನ ಕಿವಿ

ನನಗೆ ಎಲ್ಲರಿಗಿಂತ ಹೆಚ್ಚು ಇಷ್ಟವಾದ ವಕೀಲನ ಹತ್ತಿರ ವಕೀಲಿ ಸನದೇ ಇರಲಿಲ್ಲ. ಕಾಯಿದೆಯ ಕಾಲೇಜು ಹಾಗಿರಲಿ, ಯಾವ ಕಾಲೇಜಿನ ಕಟ್ಟೆಯನ್ನೂ ಅವನು ಹತ್ತಿದವನಲ್ಲ. ಹದಿನಾರಕ್ಕೆ ನಿಜಾಮನ ಫೌಜು ಸೇರಿದ. ಇಪ್ಪತ್ತು ತುಂಬುವ ಮೊದಲೇ ಡೇರೆಯಲ್ಲಿ ಕೂತು ಊರೂರಿನ ಫಿರ್ಯಾದು ಕೇಳಿದ. ಮುಂದೆ ಒಂದು ಸಂಸ್ಥಾನವನ್ನೇ ನಡೆಸಿದ. ದಂಗೆಯ ವರ್ಷದಲ್ಲಿ ಇಡೀ ಒಂದು ಸೀಮೆಯನ್ನು ಸೈನ್ಯವಿಲ್ಲದೆ ಹಿಡಿದಿಟ್ಟ. ಇಷ್ಟರ ನಡುವೆ ಕೆರೆ ಕಟ್ಟಿಸಿದ, ಹೊಲ ಅಳೆಸಿದ, ಚಿತ್ರ ಬರೆದ, ದಪ್ಪ ದಪ್ಪ ಕಾದಂಬರಿಗಳನ್ನೂ ಬರೆದ. ಹೆಸರು ಫಿಲಿಪ್ ಮೆಡೋಸ್ ಟೇಲರ್. ಸುರಪುರದ ಕಡೆ ಈ ಹೆಸರು ತೆಗೆದರೆ ಸಾಕು, ಜನ ಬೆಟ್ಟದ ಮೇಲಿನ ಟೇಲರ್ ಮಂಜಿಲಿನತ್ತ ಕೈ ತೋರಿಸುತ್ತಾರೆ. ಆದರೆ ಅವನ ರುಚಿ ಪೂರ್ತಿ ಹತ್ತಬೇಕಾದರೆ ಅಲ್ಲಿಂದ ಇನ್ನೂ ಬಡಗಲಿಗೆ, ಉಮರ್ಗಾದ ಹೆದ್ದಾರಿಗೆ ಬರಬೇಕು ಎಂಬುದು ನನ್ನ ಹಟ.

ಉಮರ್ಗಾ, ನಿಲಂಗಾ, ಉದಗೀರ. ಈ ಗಡಿಸೀಮೆಯ ಸಂತೆಯಲ್ಲಿ ಸುಮ್ಮನೆ ನಿಂತು ಕೇಳುವುದೇ ಒಂದು ಸುಖ. ಚೌಕಾಸಿ ಮರಾಠಿಯಲ್ಲಿ ಶುರುವಾಗುತ್ತದೆ, ಸಿಟ್ಟು ಬಂದಾಗ ದಖನಿಗೆ ಹೊರಳುತ್ತದೆ, ಕೊನೆಗೆ ಹೆಂಡತಿಯನ್ನು ಕೇಳಬೇಕಾದಾಗ ಕನ್ನಡಕ್ಕೆ ಬಂದು ಕೂಡುತ್ತದೆ. ನಿಲಂಗಾ, ಉದಗೀರಗಳು 1956ರವರೆಗೂ ಬೀದರ ಜಿಲ್ಲೆಯ ತಾಲ್ಲೂಕುಗಳು. ನಕಾಶೆ ಹರಿದರೂ ನೆಂಟಸ್ತನ ಹರಿಯಲಿಲ್ಲ. ಯುದ್ಧದ ನೆನಪಂತೂ ಇಲ್ಲಿ ಹೊಲಹೊಲದಲ್ಲಿದೆ. 1760ರಲ್ಲಿ ಸದಾಶಿವರಾವ್ ಭಾವೂ ನಿಜಾಮನ ಪಡೆಯನ್ನು ಸೋಲಿಸಿದ್ದು ಉದಗೀರದ ಬಯಲಿನಲ್ಲಿ. ಆ ಗೆಲುವಿನ ಗುಂಗಿನಲ್ಲೇ ಅವನು ಪಾಣಿಪತ್ತಿಗೆ ಹೋದ. ಉಮರ್ಗಾದಿಂದ ಸೋಲಾಪುರದ ದಾರಿ ಹಿಡಿದರೆ ಕರಿಮಣ್ಣು ಮುಗಿಯುವ ಮೊದಲೇ ಬೋರಿ ಹೊಳೆಯ ತಿರುವಿನಲ್ಲಿ ನಳದುರ್ಗ ಏಳುತ್ತದೆ. ನಮ್ಮ ಟೇಲರ್ ಅಲ್ಲಿ 1853ರಿಂದ 1857ರವರೆಗೆ ಡೆಪ್ಯುಟಿ ಕಮಿಷನರ್ ಆಗಿದ್ದ. ಮೂರು ಭಾಷೆ ಒಂದೇ ಉಸಿರಿನಲ್ಲಿ ಹರಿಯುವ ಈ ಸೀಮೆಗೆ ಅವನಂಥ ಕಿವಿಯುಳ್ಳ ಅಧಿಕಾರಿ ಮತ್ತೊಬ್ಬ ಬಂದಿರಲಾರ.

ಹೌದು, ಕಿವಿ. ಟೇಲರನ ಬಗ್ಗೆ ಬರೆಯುವವರು ಅವನ ಧೈರ್ಯ, ದಕ್ಷತೆ, ದುಡಿಮೆ ಹೊಗಳುತ್ತಾರೆ. ಅವೆಲ್ಲ ಇದ್ದವು, ಬೇರೆ ಅಧಿಕಾರಿಗಳಿಗೂ ಇದ್ದವು. ನನ್ನನ್ನು ಮತ್ತೆ ಮತ್ತೆ ಅವನ ಪುಟಗಳಿಗೆ ಎಳೆಯುವುದು ಅವನ ಕೇಳಿಸಿಕೊಳ್ಳುವ ಗುಣ. ಎದುರಿನವನ ಮಾತು ಮುಗಿಯುವವರೆಗೆ ತಡೆಯುವ, ಮುಗಿದ ಮೇಲೂ ಒಂದು ಗಳಿಗೆ ಕಾಯುವ ಆ ಅಪರೂಪದ ಸಾವಧಾನ.

ಅದು ಎಲ್ಲಿ ಪಳಗಿತು ಎಂಬುದನ್ನು ಅವನ ಆತ್ಮಕಥೆಯಲ್ಲಿ ಹುಡುಕುವುದು ನನಗೊಂದು ಹುಚ್ಚು. ಅವನು ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಲಿವರ್‌ಪೂಲಿನ ವ್ಯಾಪಾರಿಯ ಮನೆಯಲ್ಲಿ. ಅಪ್ಪನ ವ್ಯಾಪಾರ ಮುಗ್ಗರಿಸಿತು. ಹದಿನೈದರ ಹುಡುಗನನ್ನು ಮುಂಬಯಿಯ ಒಬ್ಬ ವರ್ತಕನ ಕೈಕೆಳಗೆ ಕಳಿಸಿದರು. ಬಂದು ನೋಡಿದರೆ ಆ ವರ್ತಕನೇ ಮುಳುಗುತ್ತಿದ್ದ. ಬಂಧುವೊಬ್ಬನ ಶಿಫಾರಸಿನಿಂದ 1824ರ ಕೊನೆಗೆ ನಿಜಾಮನ ಸೈನ್ಯದಲ್ಲಿ ಸಣ್ಣ ಹುದ್ದೆ ಸಿಕ್ಕಿತು. ಔರಂಗಾಬಾದಿನ ಆ ಬೇಸಿಗೆಗಳಲ್ಲಿ ಉಳಿದ ಗೋರಾ ಹುಡುಗರು ಶಿಕಾರಿ, ಇಸ್ಪೀಟು ಎನ್ನುತ್ತಿದ್ದರೆ ಇವನು ಮುನ್ಷಿಯ ಮುಂದೆ ಕೂತು ಹಿಂದೂಸ್ತಾನಿ ತಿದ್ದಿಕೊಂಡ. ಸೈನಿಕ ನ್ಯಾಯಾಲಯ ಕೂತಾಗ ದುಭಾಷಿ ಬೇಕಾದ. ಕರೆ ಇವನಿಗೆ ಬಂತು.

ಸೈನಿಕ ನ್ಯಾಯಾಲಯದ ದುಭಾಷಿಯ ಕೆಲಸ ಎಂಥದೆಂದು ಸ್ವಲ್ಪ ನಿಧಾನಿಸಿ ನೋಡಿ. ಒಬ್ಬ ಸಿಪಾಯಿಯ ನೌಕರಿಯೋ ಜೀವವೋ ತೂಗುತ್ತಿರುತ್ತದೆ. ಅವನು ಬಾಯಿ ಬಿಡುತ್ತಾನೆ, ತಡವರಿಸುತ್ತಾನೆ, ಅರ್ಧ ಹೇಳಿ ನುಂಗುತ್ತಾನೆ. ಆ ನುಂಗಿದ್ದನ್ನೂ ಕೇಳಿಸಿಕೊಂಡು, ಒಂದು ಗುಂಜಿ ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ, ಅವನ ಮಾತನ್ನು ಮೇಜಿನಾಚೆಗೆ ದಾಟಿಸಬೇಕು. ಕಾದಂಬರಿಕಾರನಾಗಲು ಇದಕ್ಕಿಂತ ಒಳ್ಳೆಯ ಗರಡಿಮನೆ ನನಗಂತೂ ಗೊತ್ತಿಲ್ಲ.

ಅಲ್ಲಿಂದ ಮುಂದೆ ನಿಜಾಮನ ರಾಜ್ಯದ ನೈಋತ್ಯ ಭಾಗಕ್ಕೆ ಪೊಲೀಸ್ ಮೇಲ್ವಿಚಾರಣೆಯ ಸಹಾಯಕನಾದ. ಮೀಸೆ ಸರಿಯಾಗಿ ಚಿಗುರದ ವಯಸ್ಸು. ಕುದುರೆ, ಡೇರೆ, ದಫ್ತರು ಕಟ್ಟಿಕೊಂಡು ಊರಿಂದ ಊರಿಗೆ ತಿರುಗುತ್ತಿದ್ದ ಈ ಕಾಲದ ಒಂದು ಪ್ರಸಂಗವನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಪೇಟೆಯೊಂದರ ಧಾನ್ಯ, ಹಿಟ್ಟಿನ ವ್ಯಾಪಾರಿಗಳು ಸುಳ್ಳು ತೂಕದ ಕಲ್ಲಿಟ್ಟು ಯಾತ್ರಿಕರನ್ನು ಸುಲಿಯುತ್ತಿದ್ದಾರೆಂದು ದೂರು ಬಂತು. ಟೇಲರ್ ಉದ್ದದ ತೀರ್ಪು ಬರೆಯಲಿಲ್ಲ. ಆ ಕಲ್ಲುಗಳನ್ನೇ ಅವರವರ ಕೊರಳಿಗೆ ಕಟ್ಟಿಸಿ ಎಲ್ಲರೆದುರು ನಡೆಸಿದ! ಸಾಕ್ಷ್ಯವೂ ಅದೇ, ಶಿಕ್ಷೆಯೂ ಅದೇ, ಡಂಗುರವೂ ಅದೇ. ಕಾಯಿದೆ ಪುಸ್ತಕ ಓದಿದವನಿಗೆ ಇಷ್ಟು ಚೆಂದದ ತೀರ್ಪು ಹೊಳೆಯುತ್ತಿತ್ತೋ ಇಲ್ಲವೋ. ಜನರಿಗೆ ಅವನು ಮಹಾದೇವ ಬಾಬಾ ಆದದ್ದು ಇಂಥವುಗಳಿಂದಲೇ ಇರಬೇಕು.

ಅದೇ ದಿನಗಳಲ್ಲಿ ದಾರಿಹೋಕರ ಹೆಣಗಳು ಅಲ್ಲಲ್ಲಿ ಸಿಗುತ್ತಿದ್ದವು. ಯಾರು ಕೊಂದರೆಂದು ತಿಳಿಯುತ್ತಿರಲಿಲ್ಲ. ಟೇಲರನಿಗೆ ವಾಸನೆ ಬಡಿದಿತ್ತು. ಬೆನ್ನು ಹತ್ತುವಷ್ಟರಲ್ಲಿ ಅವನನ್ನು ಪಲ್ಟನಿಗೆ ವಾಪಸು ಕರೆದರು. ಆಮೇಲೆ ಕಂಪನಿಯ ಅಧಿಕಾರಿ ಸ್ಲೀಮನ್ ಉತ್ತರದಲ್ಲಿ, ದಾರಿಹೋಕರ ಕೊರಳು ಬಿಗಿದು ಕೊಲ್ಲುವ ಠಕ್ಕರ ಜಾಲವನ್ನು ಬಯಲಿಗೆಳೆದ, ಕೀರ್ತಿ ಅವನ ಪಾಲಾಯಿತು. ಮುಂದೆ ಹೈದರಾಬಾದಿನ ಸೀಮೆಯಲ್ಲಿ ಸೆರೆಸಿಕ್ಕ ಠಕ್ಕರ ಹೇಳಿಕೆ ಬರೆದುಕೊಳ್ಳುವ ಕೆಲಸ ಮಾತ್ರ ಟೇಲರನಿಗೆ ಒದಗಿತು. ನನ್ನ ಸ್ವಾರ್ಥ ಹೇಳುವುದಾದರೆ, ಹೀಗಾದದ್ದೇ ಒಳ್ಳೆಯದಾಯಿತು. ಹಿಡಿಯುವ ಗಡಿಬಿಡಿಯಲ್ಲಿದ್ದಿದ್ದರೆ ಕೇಳಲು ಪುರಸತ್ತೆಲ್ಲಿರುತ್ತಿತ್ತು?

ಆ ಹೇಳಿಕೆಗಳಿಂದ ಮೂಡಿದ ‘ಕನ್‌ಫೆಷನ್ಸ್ ಆಫ್ ಎ ಥಗ್’ 1839ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅಚ್ಚಿನ ಹಾಳೆಗಳು ಒಣಗುವಷ್ಟೂ ತಾಳ್ಮೆಯಿಲ್ಲದೆ ವಿಕ್ಟೋರಿಯಾ ರಾಣಿ ಒಂದೊಂದೇ ಕಂತನ್ನು ತರಿಸಿಕೊಂಡು ಓದಿದಳಂತೆ. ರಾಣಿಯ ಆತುರ ನನಗೆ ಅರ್ಥವಾಗುತ್ತದೆ. ಆದರೆ ಅದು ಆತುರದಿಂದ ಓದುವ ಪುಸ್ತಕವಲ್ಲ. ಇಡೀ ಕಥೆಯನ್ನು ಹೇಳುವವನು ಸೆರೆಯಲ್ಲಿರುವ ಅಮೀರ್ ಅಲಿ; ಎದುರಿಗೆ ಒಬ್ಬ ಸಾಹೇಬ ಕೂತಿದ್ದಾನೆ, ಅವನು ಬಾಯಿ ಬಿಡುವುದೇ ಅಪರೂಪ. ಅಮೀರ್ ಅಲಿಯ ಮಾತು ಎಷ್ಟು ಹದ, ಎಷ್ಟು ನಯ! ಜೊತೆಗೆ ಸಿಕ್ಕ ಸಾಹುಕಾರನ ಕುಶಲ ಕೇಳುತ್ತಾನೆ, ಮಕ್ಕಳ ಸುದ್ದಿ ಕೇಳುತ್ತಾನೆ, ಗಜಲು ಹಾಡಿಸುತ್ತಾನೆ, ಮರದ ನೆರಳಲ್ಲಿ ಜಮಖಾನೆ ಹಾಸಿಸುತ್ತಾನೆ. ಓದುಗನಿಗೂ ಆ ಜಮಖಾನೆಯ ಅಂಚಿನಲ್ಲಿ ಜಾಗವಿದೆ. ಹಾಯಾಗಿ ಕಾಲು ಚಾಚುತ್ತೇವೆ. ಹಾಡು ಮುಗಿಯುತ್ತದೆ. ಯಾರೋ ತಂಬಾಕು ತರಲು ಹೇಳುತ್ತಾರೆ. ಅದೇ ಸನ್ನೆ. ಮರುಗಳಿಗೆಯಲ್ಲಿ ರುಮಾಲು ಕೊರಳಿಗೆ ಬಿದ್ದಿರುತ್ತದೆ. ಕೆನೆಮೊಸರಿನ ಬಟ್ಟಲಿನ ತಳದಲ್ಲಿ ಹಲ್ಲಿಗೆ ತಗುಲುವ ಗಾಜಿನ ಚೂರಿನಂಥ ಈ ಗಳಿಗೆಗಳನ್ನು ಟೇಲರ್ ಒಂದೇ ಒಂದು ಗಟ್ಟಿ ವಿಶೇಷಣವಿಲ್ಲದೆ ಬರೆದುಬಿಡುತ್ತಾನೆ. ನ್ಯಾಯಾಲಯದಲ್ಲಿ ದುಭಾಷಿ ಬಣ್ಣ ಹಚ್ಚಬಾರದಲ್ಲವೇ? ಆ ಶಿಸ್ತು ಇಲ್ಲಿ ಕಲೆಯಾಗಿದೆ. ಅಮೀರ್ ಅಲಿಯನ್ನು ದ್ವೇಷಿಸಲು ನಾವೇ ಹೊತ್ತು ಹುಡುಕಿಕೊಳ್ಳಬೇಕು. ಲೇಖಕ ಕೈಯೆತ್ತಿ ತೋರಿಸುವುದಿಲ್ಲ.

ಲಂಡನ್ನಿನ ಹೊಗಳಿಕೆ ಮೈಮೇಲಿರುವಾಗಲೇ ದಖ್ಖನಿಗೆ ಮರಳಿದ. ‘ಟೈಮ್ಸ್’ ಪತ್ರಿಕೆಗೆ ಇಲ್ಲಿಂದ ಸುದ್ದಿ ಬರೆಯುವ ಜವಾಬ್ದಾರಿಯನ್ನೂ ಹೊತ್ತು ತಂದಿದ್ದ. 1841ರಲ್ಲಿ ಸುರಪುರ. ಬೇಡರ ಆ ಗಟ್ಟಿ ಸಂಸ್ಥಾನದಲ್ಲಿ ಸಾಲ ಏರಿತ್ತು, ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡ ಮೇಲೆ ಹಕ್ಕಿನ ಜಗಳ ಬಿಗಿದಿತ್ತು. ಒಂದು ಕಡೆ ಚತುರೆ ರಾಣಿ ಈಶ್ವರಮ್ಮ, ಇನ್ನೊಂದು ಕಡೆ ಚಿಕ್ಕಪ್ಪ ಪಿಡ್ಡ ನಾಯಕ, ನಡುವೆ ದೊರೆಯ ಮಗ, ಬಾಲಕ ವೆಂಕಟಪ್ಪ ನಾಯಕ, ಸುತ್ತ ಬೆಟ್ಟದಲ್ಲಿ ಬಂದೂಕು ಹಿಡಿದ ಬೇಡರು. ತೋಪು ತರಿಸಿ ಮುಗಿಸಬಹುದಾಗಿದ್ದ ಈ ಕಗ್ಗಂಟನ್ನು ಟೇಲರ್ ಮಾತಿನಿಂದ ಬಿಡಿಸಿದ ಅಧ್ಯಾಯಗಳು ರಾಜಕಾರಣ ಬಲ್ಲವರಿಗೆ ಹಬ್ಬ. ಯಾರನ್ನು ಮೊದಲು ಕಾಣಬೇಕು, ಯಾರನ್ನು ಕಾಯಿಸಬೇಕು, ರಾಣಿಯ ಕಣ್ಣೀರಿನಲ್ಲಿ ಎಷ್ಟನ್ನು ಲೆಕ್ಕಕ್ಕೆ ಹಿಡಿಯಬೇಕು: ಎಲ್ಲವೂ ಒಬ್ಬ ನುರಿತ ದಿವಾಣಿ ವಕೀಲನ ಜಾಣ್ಮೆ. ಹನ್ನೆರಡು ವರ್ಷ ಅಲ್ಲೇ ಬೇರುಬಿಟ್ಟ. ಬೆಟ್ಟದ ಮೇಲೆ ಮಂಜಿಲು ಕಟ್ಟಿಸಿದ. ಬೋನಾಳದ ಕೆರೆಯನ್ನು ಬಲಪಡಿಸಿದ. ಇವತ್ತು ಅಲ್ಲಿ ಇಳಿಯುವ ಹಕ್ಕಿಗಳಿಗಾಗಿ ಅದು ಪಕ್ಷಿಧಾಮ. ಬಿಡುವಿದ್ದಾಗ ರಾಜನಕೋಳೂರಿನ ಕಲ್ಲುಮನೆಗಳನ್ನೂ ವಿಭೂತಿಹಳ್ಳಿಯ ಸಾಲುಗಲ್ಲುಗಳನ್ನೂ ಅಳೆದು ಬರೆದಿಟ್ಟ. ಕರ್ನಾಟಕದ ಬೃಹತ್ ಶಿಲಾಯುಗದ ಅಧ್ಯಯನ ಮೊಳೆತದ್ದು ಈ ಬಿಡುವಿನ ಹೊತ್ತಿನಲ್ಲಿ. ವೆಂಕಟಪ್ಪ ನಾಯಕ ಅವನನ್ನು ಅಪ್ಪಾ ಎನ್ನುತ್ತ ಬೆಳೆದ.

1853ರಲ್ಲಿ ನಿಜಾಮ ಸಾಲದ ಬಾಬ್ತು ವರ್ಹಾಡ (ಬೇರಾರ್), ರಾಯಚೂರು ದೋಆಬ್, ನಳದುರ್ಗ ಸೀಮೆಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದಾಗ ಟೇಲರನಿಗೆ ನಳದುರ್ಗ ಬಂತು. ಅವನು ಕಂಪನಿಯ ನೌಕರನಲ್ಲ, ನಿಜಾಮನ ಫೌಜಿನವನು. ಹಾಗಾಗಿ ಸರೀಕರ ಸಾಲಿನಲ್ಲಿ ಕೊಂಚ ಕೆಳಗಿನ ಮಣೆ. ಆ ನೋವು ಆತ್ಮಕಥೆಯಲ್ಲಿ ಆಗೀಗ ಇಣುಕುತ್ತದೆ. ಕೆಲಸದಲ್ಲಿ ಇಣುಕುವುದಿಲ್ಲ.

ನಳದುರ್ಗದಲ್ಲಿ ನಿಲ್ಲದೆ ನಾನು ಮುಂದೆ ಹೋಗಲಾರೆ. ಕರಿಗಲ್ಲಿನ ಕೋಟೆ, 114 ಬುರುಜುಗಳೆಂದು ಲೆಕ್ಕ ಹೇಳುತ್ತಾರೆ. ಬೋರಿ ಹೊಳೆಗೆ ಅಡ್ಡಲಾಗಿ, ಕೋಟೆಯನ್ನೂ ಎದುರಿನ ಉಪಕೋಟೆ ರಣಮಂಡಲವನ್ನೂ ಬೆಸೆಯುವ ಕಟ್ಟೆ. ಆ ಕಟ್ಟೆಯ ಹೊಟ್ಟೆಯೊಳಗೆ, ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ, 1613ರಲ್ಲಿ ಕಟ್ಟಿಸಿದ ಪಾನಿ ಮಹಲು. ಮಳೆಗಾಲದಲ್ಲಿ ಹೊಳೆ ಕಟ್ಟೆಯ ತಲೆಯ ಮೇಲಿಂದ ನರ, ಮಾದಿ ಎಂಬ ಎರಡು ಧಾರೆಯಾಗಿ ಧುಮುಕುತ್ತದೆ. ಒಳಗಿನ ಪುಟ್ಟ ಕೋಣೆಯ ಕಮಾನಿನಲ್ಲಿ ಕೂತವರ ಮುಂದೆ ನೀರಿನ ಪರದೆ ಬೀಳುತ್ತಿರುತ್ತದೆ, ಮೈಮೇಲೆ ಹನಿಯಿಲ್ಲ. ತಂಪು ಮಾತ್ರ ಒಳಬರುತ್ತದೆ. ಇಬ್ರಾಹಿಂ ಸಂಗೀತದ ಮರುಳ. ಗೋಡೆಯಲ್ಲೂ ಶ್ರುತಿ ಹಿಡಿಸಬಲ್ಲ ಕುಶಲಿಗಳು ಅವನ ಹತ್ತಿರವಿದ್ದರು ಎಂದೇ ನನ್ನ ಭಾವನೆ. ಟೇಲರ್ ಈ ಕೋಟೆಯೊಳಗೇ ವಾಸ ಮಾಡಿದ. ಭೂಮಾಪನ, ರಸ್ತೆ, ಕೆರೆ, ಕಂದಾಯ ಎಂದು ಹಗಲು ಕಳೆಯುತ್ತಿತ್ತು. ಆತ್ಮಕಥೆಯಲ್ಲಿ ಈ ಕೋಟೆ ಬಂದಾಗ ಅವನ ಗದ್ಯದ ನಡಿಗೆಯೇ ಬದಲಾಗುತ್ತದೆ. ದಫ್ತರಿನ ಚುರುಕು ಹೋಗಿ ಒಂದು ಮೆಲುಗತಿ ಬರುತ್ತದೆ.

ಇಲ್ಲಿಂದ ಬಹಳ ದೂರವಲ್ಲದ ತುಳಜಾಪುರ ಅವನಿಗೆ ‘ತಾರಾ’ ಕಾದಂಬರಿಯನ್ನು ಕೊಟ್ಟಿತು. 1863ರಲ್ಲಿ ಬಂದ ಈ ಕೃತಿಯನ್ನು ಠಕ್ಕನ ಕಥೆಯ ಗದ್ದಲದಲ್ಲಿ ಜನ ಮರೆತರು. ನನಗೆ ಇದೇ ಹೆಚ್ಚು ಪ್ರಿಯ. ಭವಾನಿಯ ಗುಡಿಯ ವ್ಯಾಸ ಶಾಸ್ತ್ರಿ, ಅವನ ವಿದ್ಯಾವಂತ ಬಾಲವಿಧವೆ ಮಗಳು ತಾರಾ, ಅಫಜಲಖಾನನ ಮಗ ಫಾಜಿಲ್, ಗಡಿಯ ದರೋಡೆ ನಾಯಕ ಪಹಾಡಸಿಂಗ. ಸೆರಗಿನ ಅಂಚು, ಪೂಜೆಯ ತಟ್ಟೆ, ಸೀರೆಯ ಗಂಟು, ದೇಶಗತಿ ವಾಡೆಯ ಕಂಬ ಎಲ್ಲವನ್ನೂ ನೋಡಿದವನಷ್ಟೇ ಬರೆಯಬಲ್ಲ ರೀತಿಯಲ್ಲಿ ಬರೆದಿದ್ದಾನೆ. ಉದ್ದವಾಯಿತು ಎನ್ನುವವರಿದ್ದಾರೆ. ಜಾತ್ರೆಗೆ ಹೋಗಿ ಬೇಗ ಮುಗಿಯಲಿ ಎನ್ನುವವರ ಜೊತೆ ನನಗೆ ವಾದವಿಲ್ಲ. ಇದರ ಹಿಂದಿನ ಯೋಜನೆಯಂತೂ ಅದ್ಭುತ. 1657ರ ಹೊತ್ತಿಗೆ ಶಿವಾಜಿಯ ಏಳಿಗೆ, 1757ಕ್ಕೆ ಪ್ಲಾಸಿ, 1857ಕ್ಕೆ ದಂಗೆ: ನೂರು ನೂರು ವರ್ಷದ ಅಂತರದಲ್ಲಿ ಮೂರು ಕಾದಂಬರಿ. ‘ತಾರಾ’ ಮೊದಲನೆಯದು, ‘ರಾಲ್ಫ್ ಡಾರ್ನೆಲ್’ ಎರಡನೆಯದು, 1872ರ ‘ಸೀತಾ’ ಮೂರನೆಯದು. ಎರಡನೆಯದು ಸಪ್ಪೆ, ಅದನ್ನು ಬೇಗ ದಾಟಿಬಿಡಿ.

1857 ಅವನಿಗೆ ಬರಿಯ ಕಾದಂಬರಿಯ ವಸ್ತುವಾಗಿರಲಿಲ್ಲ. ಆ ವರ್ಷ ಅವನನ್ನು ನಳದುರ್ಗದಿಂದ ವರ್ಹಾಡಕ್ಕೆ ಕಳಿಸಿದರು. ಹೈದರಾಬಾದಿನ ರೆಸಿಡೆಂಟ್ ಕೊಟ್ಟ ಅಪ್ಪಣೆಯ ತಾತ್ಪರ್ಯ ಇಷ್ಟೇ: ಕೊಡಲು ನನ್ನ ಬಳಿ ಸೈನ್ಯವಿಲ್ಲ, ಕಣ್ರೆಪ್ಪೆಯಿಂದಾದರೂ ಸೀಮೆಯನ್ನು ಹಿಡಿದುಕೊಂಡಿರು. ಹಿಡಿದುಕೊಂಡ. ಸುತ್ತ ಬೆಂಕಿ ಹತ್ತಿದ್ದಾಗ ಊರೂರಿಗೆ ಹೋದ, ಪಟೇಲ ದೇಶಮುಖರನ್ನು ಕೂಡಿಸಿದ, ಮಾತಾಡಿದ, ಅದಕ್ಕಿಂತ ಹೆಚ್ಚಾಗಿ ಕೇಳಿದ. ಜನರಲ್ ವಿಟ್‌ಲಾಕನ ಪಡೆಗೆ ತೋಪೆಳೆಯುವ ಎತ್ತುಗಳನ್ನು ಒದಗಿಸಿದ್ದೇ ಅವನ ದೊಡ್ಡ ಸೈನಿಕ ಕಾರ್ಯ ಎನ್ನಬೇಕು. ಕತ್ತಿ ಝಳಪಿಸಿದ ಚಿತ್ರ ಒಂದೂ ಇಲ್ಲ. ಯುದ್ಧಕಾಲದ ಆತ್ಮಕಥೆಗಳಲ್ಲಿ ಇಷ್ಟು ಕಡಿಮೆ ಮದ್ದಿನ ವಾಸನೆಯುಳ್ಳದ್ದನ್ನು ನಾನು ಓದಿಲ್ಲ.

ಆ ವಾಸನೆ ಬಂದದ್ದು ಸುರಪುರದಿಂದ. 1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದ. ನಮಗೆ ಅವನು ವೀರ, ಸಂಶಯವಿಲ್ಲ. ಟೇಲರನ ದೃಷ್ಟಿಗೆ ದಾರಿ ತಪ್ಪಿದ ಮಗ. ಪರದೇಶಿ ಸರಕಾರದ ಊಳಿಗದವನಿಗೆ ಅಷ್ಟೇ ಕಾಣುವುದು ಸಹಜ. ಆದರೂ ಹೈದರಾಬಾದಿನ ಸೆರೆಯಲ್ಲಿ ಅವರಿಬ್ಬರ ಭೇಟಿಯ ಪುಟಗಳನ್ನು ಗಟ್ಟಿಯಾಗಿ ಓದಲು ನನ್ನ ಗಂಟಲು ಒಪ್ಪುವುದಿಲ್ಲ. ಹುಡುಗ ಬಂದು ಅಪ್ಪಿಕೊಳ್ಳುತ್ತಾನೆ. ನೇಣು ಮಾತ್ರ ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ, ನಾನು ಹೇಡಿಯಲ್ಲ ಎನ್ನುತ್ತಾನೆ. ಟೇಲರ್ ಇದನ್ನು ಬರೆದಿಟ್ಟಿದ್ದಾನೆ. ತನ್ನ ಸರಕಾರಕ್ಕೆ ಒಪ್ಪದ ಆ ಅಭಿಮಾನದ ದನಿಯನ್ನು ಒಂದಿಷ್ಟೂ ಕುಗ್ಗಿಸದೆ ನಮಗೆ ತಲುಪಿಸಿದ್ದಾನೆ. ಔರಂಗಾಬಾದಿನ ದುಭಾಷಿ ಇಲ್ಲಿ ತನ್ನ ಅತ್ಯಂತ ಕಠಿಣ ಕೆಲಸ ಮಾಡಿದ.

ಮರಣದಂಡನೆ ನಾಲ್ಕು ವರ್ಷದ ಸೆರೆಯಾಗಿ ಇಳಿಯಿತು. ಇಲ್ಲಿಗೆ ಬರುತ್ತದೆ ಜಾತಕದ ಕಥೆ. ಈ ರಾಜನ ಆಯುಷ್ಯ ಇಪ್ಪತ್ನಾಲ್ಕನೆಯ ವರ್ಷವನ್ನು ದಾಟುವುದಿಲ್ಲ ಎಂದು ಸುರಪುರದ ಒಬ್ಬ ಬ್ರಾಹ್ಮಣ ಬಹಳ ಹಿಂದೆಯೇ ಟೇಲರನಿಗೆ ಗುಟ್ಟಾಗಿ ಹೇಳಿದ್ದ. ದಂಡನೆ ಇಳಿದ ಸುದ್ದಿ ಬಂದಾಗ ಟೇಲರ್ ಅವನನ್ನು ಕರೆಸಿ, ನೋಡು ನಿನ್ನ ಲೆಕ್ಕ ತಪ್ಪಿತು ಎಂದ. ಬ್ರಾಹ್ಮಣ ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಇನ್ನೊಂದು ಸುದ್ದಿ ಬಂತು: ಸೆರೆಗೆ ಒಯ್ಯುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿ ರಾಜ ಸತ್ತಿದ್ದ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಚಪ್ಪರಿಸುವುದು ಹೇಳಿದ ಬಗೆಯನ್ನು. ವಿವರಣೆಯಿಲ್ಲ, ನಿಟ್ಟುಸಿರಿಲ್ಲ, ಪಂಚನಾಮೆಯಷ್ಟೇ ಒಣ ವಾಕ್ಯಗಳು, ಒಂದರ ಹಿಂದೆ ಒಂದು.

1860ರಲ್ಲಿ ಆರೋಗ್ಯ ಕೆಟ್ಟು ಊರಿಗೆ ಹೋದ. ಅಲ್ಲಿ ಕೂತು ಬರೆದದ್ದು ಬಹಳ; ವಾಸ್ತುಶಿಲ್ಪದ ಇತಿಹಾಸಕಾರ ಫರ್ಗುಸನ್ ಜೊತೆ ಬಿಜಾಪುರದ ವಾಸ್ತುಶಿಲ್ಪದ ಮೇಲೆ, ಧಾರವಾಡ ಮೈಸೂರು ಸೀಮೆಯ ಗುಡಿಗಳ ಮೇಲೆ ತಂದ ದೊಡ್ಡ ಸಂಪುಟಗಳು 1866ರವು. ಅವುಗಳಿಗಿಂತ ನನಗೆ ಖುಷಿ ಕೊಡುವುದು ಒಂದು ಪುಟ್ಟ ಬರಹ. ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಗೆ ಸೇರಿದ ಭಾರತೀಯ ವಾದ್ಯಗಳ ಸಂಗ್ರಹಕ್ಕೆ ಅವನು ಬರೆದ ಪಟ್ಟಿ. ಪಟ್ಟಿಯೆಂದರೆ ಉದ್ದ ಅಗಲ ಬರೆದು ಮುಗಿಸಬಹುದಿತ್ತು. ಆ ವಾದ್ಯಗಳು ನುಡಿಯುವುದನ್ನು ದಖ್ಖನಿನಲ್ಲಿ ಕಿವಿತುಂಬ ಕೇಳಿದವನು ಹಾಗೆ ಮುಗಿಸಲಿಲ್ಲ. ಮುಂದೆ ಸೌರೀಂದ್ರ ಮೋಹನ ಟಾಗೋರ್ ಹಿಂದೂ ಸಂಗೀತದ ಕುರಿತ ತಮ್ಮ ಸಂಕಲನದಲ್ಲಿ ಅದನ್ನು ಮತ್ತೆ ಅಚ್ಚು ಹಾಕಿದರು.

ಕೊನೆಗಾಲಕ್ಕೆ ಕಣ್ಣು ಮಂದವಾಯಿತು. 1875ರಲ್ಲಿ ನಿಜಾಮನ ದಿವಾನ ಸಾಲಾರ್ ಜಂಗ್ ಕರೆದನೆಂದು ಆ ಸ್ಥಿತಿಯಲ್ಲೂ ಹೈದರಾಬಾದಿಗೆ ಬಂದ. ಮರಳುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮಾಂಟೋನ್‌ನಲ್ಲಿ ತೀರಿಕೊಂಡ. ಆತ್ಮಕಥೆಯನ್ನು ಮಗಳು ಆಲಿಸ್ ಮರುವರ್ಷ ಹೊರತಂದಳು.

ಓದುವ ಮನಸ್ಸಾದವರಿಗೆ ನನ್ನ ಶಿಫಾರಸು ಇಷ್ಟು. ಠಕ್ಕನಿಂದ ಶುರು ಮಾಡಬೇಡಿ. ಅದು ಹೇಗೂ ಕೈಗೆ ಸಿಗುತ್ತದೆ, ಒಮ್ಮೆ ಹಿಡಿದರೆ ಬಿಡುವುದೂ ಇಲ್ಲ. ಆತ್ಮಕಥೆಯ ಸುರಪುರದ ಅಧ್ಯಾಯಗಳನ್ನು ಮೊದಲು ತೆಗೆಯಿರಿ, ಲಿವರ್‌ಪೂಲಿನ ಬಾಲ್ಯವನ್ನು ಆಮೇಲೆ ನೋಡಿದರಾಯಿತು. ‘ತಾರಾ’ಗೆ ಒಂದು ಮಳೆಗಾಲ ಮೀಸಲಿಡಿ. ಅಷ್ಟರಲ್ಲಿ ಬೋರಿ ಹೊಳೆಗೆ ನೀರು ಬಂದ ಸುದ್ದಿ ಉಮರ್ಗಾದ ಬಸ್‌ನಿಲ್ದಾಣದಲ್ಲಿ ಕಿವಿಗೆ ಬಿದ್ದರೆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಸೋಲಾಪುರದ ಬಸ್ಸು ಹತ್ತಿ. ನರ, ಮಾದಿ ಎರಡೂ ಒಟ್ಟಿಗೆ ಧುಮುಕುವ ದಿನಗಳು ವರ್ಷದಲ್ಲಿ ಹೆಚ್ಚಿಲ್ಲ.